ಜೇಬಿನೊಳಗಿನ ದನಿ

ಕನ್ನಡಕದ ಅಂಗಡಿಯವನು ಅವಳ ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟನ್ನು ಕೂರಿಸಿ, ಎಡಗಣ್ಣಿಗೆ ಕರಿ ಬಿಲ್ಲೆ ಮುಚ್ಚಿ, ಬಲಗಣ್ಣಿನ ಮುಂದೆ ಒಂದಾದ ಮೇಲೊಂದು ಗಾಜು ಇಳಿಸುತ್ತ, "ಈಗ ಚೆನ್ನಾಗಿ ಕಾಣುತ್ತಾ? ಈಗ? ಮೊದಲಿನದು ಚೆನ್ನಾಗಿತ್ತೋ, ಇದೋ?" ಎಂದು ಕೇಳುತ್ತಿದ್ದ. ಮೊದಲಿನದು ಹೇಗಿತ್ತೆಂದು ಆಗಲೇ ಮರೆತಿದ್ದ ಅವಳು, ತಪ್ಪು ಹೇಳಿದರೆ ತಪ್ಪು ಕನ್ನಡಕವನ್ನೇ ಹಾಕಿಕೊಂಡು ತಿರುಗಬೇಕಾದೀತೆಂದು ಹೆದರಿ, "ಎರಡೂ ಒಂದೇ ಥರ" ಎನ್ನುವಷ್ಟರಲ್ಲಿ ಅವನ ಅಂಗಿಯ ಜೇಬಿನೊಳಗಿಂದ ಅವಳೇ ಮಾತಾಡಿದಳು. "ಬಂತು! ಏರಿಕೆ ಬಂತು!" ಅಂಗಡಿಯವನು ಕೈಯಲ್ಲಿದ್ದ ಗಾಜನ್ನು ಮೇಜಿನ ಮೇಲೆ ಹಾಗೇ ಬಿಟ್ಟು, "ಒಂದೇ ನಿಮಿಷ ಅಮ್ಮ" ಎಂದವನೇ ಫೋನು ಹೊರಗೆಳೆದು ಬಾಗಿಲ ಕಡೆ ಓಡಿದ. ಒಂದು ಕಣ್ಣು ಕತ್ತಲೆಯಲ್ಲಿ, ಇನ್ನೊಂದು ಮಂಜಿನಲ್ಲಿ; ಕತ್ತು ಅಲ್ಲಾಡಿಸಿದರೆ ಚೌಕಟ್ಟು ಜಾರೀತೆಂದು ಅವಳು ನೆಟ್ಟಗೆ ಕೂತಿದ್ದಳು. ಎದುರಿನ ಗೋಡೆಯಲ್ಲಿ ಅಕ್ಷರಗಳು ಮೇಲಿನಿಂದ ಕೆಳಕ್ಕೆ ಸಣ್ಣಗಾಗುತ್ತ ಹೋಗಿ ಕೊನೆಯ ಸಾಲಿನಲ್ಲಿ ಬರೀ ಕಪ್ಪು ಚುಕ್ಕೆಗಳಾಗಿದ್ದವು. ಬಾಗಿಲಲ್ಲಿ ಅವನು ಫೋನನ್ನು ಒತ್ತುತ್ತ ತುಟಿಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದ. ವಾಪಸು ಬಂದಾಗ ಮುಖಕ್ಕೆ ಕಳೆ ಬಂದಿತ್ತು. "ಆ ಫೋನಿನಲ್ಲಿ ಮಾತಾಡಿದ್ದು ನಾನೇ" ಎಂದಳು ಅವಳು. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿ ತಪ್ಪಿ ಬಂದದ್ದು. ಅವನು ನಕ್ಕು, ಚೌಕಟ್ಟನ್ನು ಅವಳ ಕಿವಿಯ ಹಿಂದೆ ಸರಿಪಡಿಸುತ್ತ, "ಅದು ಕಂಪ್ಯೂಟರ್ ಅಮ್ಮ. ಮನುಷ್ಯರಾಗಿದ್ರೆ ಅಷ್ಟೊಂದು ನಂಬೋಕಾಗುತ್ತಾ?" ಎಂದ.

ಸಿದ್ಧವಾಗಿದ್ದ ದೂರದ ಕನ್ನಡಕವೊಂದನ್ನು ಕೊಂಡುಕೊಂಡು ಅವಳು ಬೀದಿಗಿಳಿದಳು. ಮಧ್ಯಾಹ್ನ ಅವಳು ವೇದಿಕೆ ಹತ್ತಬೇಕಿದ್ದ ಸಭೆಗೆ ಅದು ಬೇಕೇ ಬೇಕಿತ್ತು. ಅಂಗಡಿಯವನ ಕಿವಿಯ ಹತ್ತಿರ ಬಾಗಿ, ಹೊಟ್ಟೆಯಿಂದ ದನಿ ಎತ್ತಿ, ಒಮ್ಮೆ "ಬಂತು" ಅಂದುಬಿಟ್ಟಿದ್ದರೆ ಅವನ ಕೈಯಿಂದ ಗಾಜು ಬಿದ್ದುಹೋಗುತ್ತಿತ್ತು. ಆದರೆ ಅವಳ ದನಿ ಎರಡು. ಮನೆಯದು ಒಂದು, ಬೇಳೆ ಬೆಂದಿತೇ, ಬಾಗಿಲು ಹಾಕಿದಿರಾ ಎಂದು ಕೇಳುವುದು, ಯಾರೂ ಕಿವಿಗೆ ಹಾಕಿಕೊಳ್ಳದ್ದು. ಇನ್ನೊಂದು ರೈಲು ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಸಾವಿರಾರು ಜನರನ್ನು ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಓಡಿಸುತ್ತಿದ್ದದ್ದು. ಆ ಕೋಣೆಗೆ ಸೇರಿದ ಹೊಸತರಲ್ಲಿ ದೊಡ್ಡ ಮೇಡಂ ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದರು: ಬರಲಿದೆ, ಬರುತ್ತಿದೆ, ಬಂದು ನಿಂತಿದೆ, ಈ ಮೂರರಲ್ಲಿ ಯಾವುದು ನಿಜವೋ ಅದನ್ನೇ ಅನ್ನು. "ಬಂತು ಅಂತ ಮಾತ್ರ ಅನ್ನಬೇಡ. ಅದು ಮನೆ ಮಾತು. ಬಚ್ಚಲಲ್ಲಿ ಸೋಪು ಹಚ್ಚಿಕೊಂಡು ನಿಂತು ಬಂದೆ, ಬಂದೆ ಅಂತಾರಲ್ಲ ಗಂಡಸರು, ಬಂದಿರ್ತಾರಾ? ಜನ ಓಡೋಡಿ ಬಂದು ಹಳಿಗೆ ಬೀಳ್ತಾರೆ ಕಣೇ." ಇನ್ನೂ ಒಂದು ಮಾತು ಹೇಳಿದ್ದರು. ಗಾಡಿ ರದ್ದಾದರೆ, ಅದನ್ನು ಬರುತ್ತಿದೆ ಎಂದು ಯಾವ ದನಿಯಲ್ಲಿ ಹೇಳಿದ್ದೆಯೋ ಅದೇ ದನಿಯಲ್ಲಿ ರದ್ದಾಗಿದೆ ಅಂತಲೂ ಹೇಳಬೇಕು, ಮೆಲ್ಲಗೆ ಗೊಣಗಿ ಜಾರಿಕೊಳ್ಳಬಾರದು. ಜನ ಎಷ್ಟೋ ಸಲ ಕೋಣೆಯ ಗಾಜಿಗೆ ಬಂದು ಬೈದಿದ್ದುಂಟು. ಗಾಜಿನ ಆಚೆ ಅವರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಅವಳು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳುತ್ತಿದ್ದಳು. ಆಮೇಲೆ ನಿಲ್ದಾಣಕ್ಕೆ ಯಂತ್ರ ಬಂತು, ಅವಳು ಮನೆಗೆ ಬಂದಳು.

ಮನೆಗೆ ಬಂದವಳನ್ನು ಹುಡುಕಿಕೊಂಡು ಬಂದವನು ಚಿಕ್ಕಪ್ಪನ ಮಗ ಒಬ್ಬನೇ. ಅದನ್ನು ಅವಳು ಮರೆಯುವ ಹಾಗಿಲ್ಲ. ಬೇರೆ ಯಾರಿಗೂ ಅವಳು ನೆನಪಾಗಿರಲಿಲ್ಲ. ನೀರು ಶುದ್ಧಿ ಮಾಡುವ ಯಂತ್ರ, ಆಮೇಲೆ ಮಂಡಿನೋವಿನ ಪಟ್ಟಿ, ಆಮೇಲೆ ಇನ್ನೇನೋ ಮಾರಿಕೊಂಡಿದ್ದ ತಮ್ಮ ಈಗ ಷೇರು ಪೇಟೆಯ ಸಿಗ್ನಲ್ ಮಾರುತ್ತಿದ್ದ. ಫೋನಿನ ಚಾರ್ಟಿನಲ್ಲಿ ಹಸಿರು ಬಾಣ ಮೂಡಿದರೆ ಕೊಳ್ಳಬೇಕು, ಕೆಂಪು ಬಾಣ ಮೂಡಿದರೆ ಮಾರಬೇಕು. ಆ ಆ್ಯಪಿನ ಹೆಸರೂ ಬಾಣವೇ. "ಅಕ್ಕಾ, ನಿನ್ನ ದನಿ ಕೇಳಿದ್ರೆ ಜನ ಎದ್ದು ಓಡ್ತಾರೆ. ನನಗೆ ಬೇಕಾದ್ದು ಅಷ್ಟೇ" ಎಂದಿದ್ದ. ಅದಕ್ಕೆ ದನಿ ರೆಕಾರ್ಡು ಮಾಡಿಕೊಳ್ಳುವ ದಿನ ಅವಳು ಕಾಗದ ನೋಡಿ, "ಇದೇನೋ, ಬಂತು ಅಂದ್ರೆ ಬಂದಾಯ್ತು ಅಂತಲೋ, ಬರ್ತಾ ಇದೆ ಅಂತಲೋ?" ಎಂದು ಕೇಳಿದ್ದಳು. ಅವನು ಕಣ್ಣು ಮಿಟುಕಿಸಿದ್ದ. "ಅದೇ ಅದರ ಚೆಂದ ಅಕ್ಕ. ಕೇಳೋರಿಗೆ ಬರ್ತಾ ಇದೆ ಅನ್ನಿಸ್ಬೇಕು. ನಾಳೆ ಯಾರಾದ್ರೂ ಜಗಳಕ್ಕೆ ಬಂದ್ರೆ, ಬಂತು ಅಂದಿದ್ವಿ ಕಣಪ್ಪ, ಬಂದು ಹೋದ ಮೇಲೆ ನೀನು ಕೊಂಡ್ರೆ ನಾವೇನು ಮಾಡೋಣ ಅನ್ನಬಹುದು." ಅವಳು ಜೋರಾಗಿ ನಕ್ಕುಬಿಟ್ಟಿದ್ದಳು. ತಮ್ಮ ಜಾಣ ಎಂದು ಹೆಮ್ಮೆಯೂ ಆಗಿತ್ತು. ಈಗ ಬಸ್ಸಿಗೆ ಕಾಯುತ್ತ ನಿಂತವಳಿಗೆ ಆ ನಗುವೇ ನೆನಪಾಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಕೈಚೀಲದಿಂದ, "ಬಂತು! ಇಳಿಕೆ ಬಂತು!" ಎಂದು ಅವಳ ದನಿ ಕೂಗಿತು. ಆ ಹೆಂಗಸು ಬಂದ ಬಸ್ಸನ್ನು ಬಿಟ್ಟು ಫೋನು ಹುಡುಕತೊಡಗಿದಳು. ಮೊದಮೊದಲು ಹೀಗೆ ಅಲ್ಲಿ ಇಲ್ಲಿ ತನ್ನ ದನಿ ಕೇಳಿಸಿದಾಗ ಅವಳಿಗೆ ಒಳಗೊಳಗೇ ಹಿಗ್ಗುವ ಹಾಗಾಗುತ್ತಿತ್ತು. ಮುದುಕಿ ಆಗಿಲ್ಲ ನಾನು, ಇನ್ನೂ ಓಡಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ಆ ಹಿಗ್ಗು ಕೆಟ್ಟದ್ದು ತಮ್ಮನ ಆಫೀಸಿನಲ್ಲೇ. ಅವನಿಗಾಗಿ ಕಾಯುತ್ತ, ಬೇರೆ ಕೆಲಸವಿಲ್ಲದೆ ದೊಡ್ಡ ಪರದೆಯನ್ನೇ ನೋಡುತ್ತ ಕೂತಿದ್ದಳು. ಹಸಿರು ಬಾಣವೊಂದು ಮೂಡಿತು. ಪಕ್ಕದ ಫೋನಿನಲ್ಲಿ ಅವಳು ಕೂಗಿದಳು. ಗೆರೆ ಏರಬೇಕಿತ್ತು, ಜಾರಿತು, ಇನ್ನೂ ಜಾರಿತು. ಅವಳು ಟೀ ಲೋಟ ಇಟ್ಟು ತಲೆ ಎತ್ತಿದಾಗ ಬಾಣ ಅಲ್ಲಿರಲಿಲ್ಲ. ಗೆರೆ ತಳ ಮುಟ್ಟಿ ಮತ್ತೆ ಏರತೊಡಗಿದ ಮೇಲೆ, ಸರಿಯಾಗಿ ಆ ತಳದ ಕೆಳಗೆ, ಮೊದಲಿನಿಂದಲೂ ಅಲ್ಲೇ ಇದ್ದೆನೆಂಬಂತೆ ಹಸಿರು ಬಾಣವೊಂದು ಕೂತಿತ್ತು. ಅವಳು ಬೆರಳು ತೋರಿಸಿ, "ಇಲ್ಲೊಂದು ಬಾಣ ಇತ್ತಲ್ಲೋ?" ಎಂದು ಕೇಳಿದಳು. "ಅದು ಮನಸ್ಸು ಬದಲಾಯಿಸ್ತು ಅಕ್ಕ. ಮನುಷ್ಯರು ಬದಲಾಯಿಸಲ್ವಾ?" ಎಂದ ತಮ್ಮ, ಬಿಸ್ಕತ್ತು ಅದ್ದುತ್ತ. ಹಿಂದಿನ ತಿಂಗಳುಗಳ ಚಾರ್ಟನ್ನು ಎಷ್ಟು ಹಿಂದಕ್ಕೆ ಸರಿಸಿ ನೋಡಿದರೂ ಒಂದು ಬಾಣವೂ ತಪ್ಪಿರಲಿಲ್ಲ. ತಪ್ಪಿದವೆಲ್ಲ ಎದ್ದು ಹೋಗಿದ್ದವು. ಜಾಹೀರಾತಿನಲ್ಲಿ ಜನಕ್ಕೆ ತೋರಿಸುತ್ತಿದ್ದದ್ದು ಈ ಹಿಂದಿನದನ್ನೇ.

ಅದನ್ನು ಅವಳು ಅಂದೇ ಮಧ್ಯಾಹ್ನ ಮನೆಯಲ್ಲಿ ಹೇಳಿದ್ದಳು. ಗಂಡ ಆಫೀಸಿನಿಂದ ಊಟಕ್ಕೆ ಬಂದಿದ್ದರು, ಫೋನು ತಟ್ಟೆಯ ಪಕ್ಕದಲ್ಲಿತ್ತು. ನಗರದ ನೆಲದಡಿಯ ಕೊಳವೆಗಳ ನಕ್ಷೆ ಬರೆಯುವ ಕೆಲಸ ಅವರದು. ಎರಡು ಸಲ ಅಳೆಯದೆ ಒಂದು ಗೆರೆ ಎಳೆದವರಲ್ಲ, ತರಕಾರಿಯವನ ತಕ್ಕಡಿಯನ್ನೂ ಕಣ್ಣಿಟ್ಟು ನೋಡುವವರು. ಅಂಥವರು ಬಾಣವನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ಮೊದಲ ಕೆಲವು ಸಲ ಕೈಗೆ ಒಂದಿಷ್ಟು ಬಂದದ್ದೇ ನೆವವಾಯಿತು. ಆಮೇಲೆ ಹೋದದ್ದಕ್ಕೆಲ್ಲ ತಾವು ತಡವಾಗಿ ಒತ್ತಿದ್ದೇ ಕಾರಣ, ಬಾಣದ ತಪ್ಪಲ್ಲ. ಇನ್ನು ಕೆಲಸ ಬಿಟ್ಟು ಪೂರ್ತಿ ಇದರಲ್ಲೇ ಕೂರುತ್ತೇನೆ, ಆಫೀಸಿನಲ್ಲಿ ಕದ್ದು ಕದ್ದು ನೋಡಿ ಸಾಕಾಗಿದೆ ಎನ್ನುತ್ತಿದ್ದರು. ಅವಳು ಎಲ್ಲ ಹೇಳಿ ಮುಗಿಸುವ ತನಕ ಅವರು ತಾಳ್ಮೆಯಿಂದ ಅಗಿಯುತ್ತಿದ್ದು, ಕೊನೆಗೆ, "ಇವಳೇ, ನಿನಗೇನು ಗೊತ್ತಾಗುತ್ತೆ ಅದೆಲ್ಲ? ನೀನು ಬರೀ ದನಿ" ಎಂದಿದ್ದರು. ಸಿಟ್ಟಿನಿಂದ ಅಂದದ್ದಲ್ಲ, ಅದೇ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಷ್ಟರಲ್ಲಿ ತಟ್ಟೆಯ ಪಕ್ಕದಿಂದ ಅವಳು ಕೂಗಿದಳು, ಅವರು ಎಂಜಲು ಕೈಯಲ್ಲೇ ಫೋನು ಎತ್ತಿಕೊಂಡರು. ಮದುವೆಯಾದಾಗಿನಿಂದ ಕೊಡೆ ತಗೊಳ್ಳಿ ಅಂದರೂ ಕೇಳದ ಮನುಷ್ಯ. ಎದುರಿಗೆ ಕೂತ ಬಾಯಿಗೆ ಜೇಬಿನೊಳಗಿನ ಬಾಯಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಇವತ್ತು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತ ಅವರು ಹೇಳಿದ್ದರು: "ರಾಜೀನಾಮೆ ಕೊಟ್ಟು ನೇರ ಸಭೆಗೇ ಬರ್ತೀನಿ. ನಿನ್ನ ತಮ್ಮನಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇಡೋಕೆ ಹೇಳು." ಅವಳು ಬಾಗಿಲಿಗೆ ಅಡ್ಡ ನಿಂತು, "ಬೇಡಾ ರೀ, ಇವತ್ತೊಂದು ದಿನ ತಡೀರಿ" ಎಂದಳು. ಅವರು ಅವಳ ಭುಜ ತಟ್ಟಿ ಪಕ್ಕಕ್ಕೆ ಸರಿಸಿ ಹೋದರು.

ಸಭಾಂಗಣದ ಹಿಂದಿನ ಕೋಣೆಯಲ್ಲಿ ತಮ್ಮ ಕನ್ನಡಿ ನೋಡಿಕೊಳ್ಳುತ್ತಿದ್ದ. ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು, ಫಿನಾಯಿಲ್ ವಾಸನೆ. ಷೇರು ಪೇಟೆ ತೆರೆದಿರುವಾಗಲೇ ಸಭೆ. ಪರದೆಯ ಮೇಲೆ ಬಾಣ ಮೂಡಿದ ಹಾಗೆ ಅವಳು ಖುದ್ದಾಗಿ ವೇದಿಕೆಯಲ್ಲಿ ನಿಂತು ಕೂಗಬೇಕು, ಅದೇ ಇವತ್ತಿನ ವಿಶೇಷ. ಅವಳು ಬಾಗಿಲು ಹಾಕಿ, "ನೀನು ಎಂದಾದ್ರೂ ಬಾಣ ನೋಡಿ ಕೊಂಡಿದ್ದೀಯೇನೋ?" ಎಂದು ಕೇಳಿದಳು. ಅವನಿಗೆ ನಗು ಬಂತು. "ನನಗೇನು ಹುಚ್ಚಾ ಅಕ್ಕ?" ಆಮೇಲೆ, ಅಕ್ಕನೇ ಅಲ್ಲವೇ ಎಂದುಕೊಂಡನೋ ಏನೋ, ಹತ್ತಿರ ಬಂದು ಬಿಡಿಸಿ ಹೇಳಿದ. "ಜನ ಚಂದಾ ಕಟ್ತಾರಲ್ಲ, ಅದು ಒಂದು. ಆಮೇಲೆ ಅವರು ಕೊಂಡಾಗೊಮ್ಮೆ ಮಾರಿದಾಗೊಮ್ಮೆ ದಲ್ಲಾಳಿ ಕಂಪನಿಯವರು ನಮಗೆ ಒಂದು ಪಾಲು ಕೊಡ್ತಾರೆ. ಏರಿದ್ರೂ ಬರುತ್ತೆ, ಇಳಿದ್ರೂ ಬರುತ್ತೆ. ಜನ ಸುಮ್ಮನೆ ಕೂತ್ರೆ ಮಾತ್ರ ನಮ್ಮ ಹೊಟ್ಟೆಗಿಲ್ಲ. ಅದಕ್ಕೇ ನೀನು ಆಗಾಗ ಕೂಗ್ತಾ ಇರಬೇಕು." ಹೇಳಿದ ರೀತಿಯಲ್ಲಿ ಕಳ್ಳತನವೇ ಇರಲಿಲ್ಲ, ಹಾಲಿನವನು ಹಾಲಿನ ವಿಷಯ ಹೇಳಿದಷ್ಟು ಸಲೀಸು. "ಭಾವ ಕೆಲಸ ಬಿಡ್ತಾ ಇದ್ದಾರೆ, ಗೊತ್ತೇನೋ ನಿನಗೆ?" ಎಂದಳು. "ಗೊತ್ತು. ನಾನೇ ಶಾಲು ಹೊದಿಸೋದು ಅಂತಿದ್ದೀನಿ. ಬಾಣ ನಂಬಿ ಕೆಲಸ ಬಿಟ್ಟ ಮೊದಲ ಮನುಷ್ಯ ನಮ್ಮ ಮನೆಯವರೇ ಅಂದ್ರೆ ಜನಕ್ಕೆ ಎಷ್ಟು ಧೈರ್ಯ ಬರುತ್ತೆ, ಯೋಚನೆ ಮಾಡು!" ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿದ ಶಾಲು ಇತ್ತು. ಅವಳು ಅದರ ಬೆಲೆಚೀಟಿಯನ್ನು ತಿರುಗಿಸಿ ನೋಡಿದಳು.

ವೇದಿಕೆಗೆ ಬಂದಾಗ ಹೊಸ ಕನ್ನಡಕದಲ್ಲಿ ಮೊದಲು ಕಂಡದ್ದು ಮುಂದಿನ ಸಾಲು. ಗಂಡ ಕೂತಿದ್ದರು. ತೊಡೆಯ ಮೇಲೆ ಹಸಿರು ಮೆತ್ತೆ. ಬೆನ್ನುನೋವೆಂದು ಅವಳೇ ಹೊಲಿದುಕೊಟ್ಟು, ಆಫೀಸಿನ ಕುರ್ಚಿಯಲ್ಲಿ ಇಷ್ಟು ಕಾಲ ಚಪ್ಪಟೆಯಾಗಿದ್ದ ಮೆತ್ತೆ. ಅದನ್ನು ಎತ್ತಿಕೊಂಡು ಬಂದಿದ್ದಾರೆಂದರೆ ರಾಜೀನಾಮೆ ಕೊಟ್ಟಾಗಿದೆ. ಅವಳಿಗೆ ಸಿಟ್ಟು ಬಂತು, ಮತ್ತು ಆ ಸಿಟ್ಟು ಅವಳಿಗೆ ಹಿತವಾಗಿತ್ತು. ತಮ್ಮ ಮೈಕು ಹಿಡಿದು, "ಇಷ್ಟು ದಿನ ನಿಮ್ಮ ಜೇಬಿನಲ್ಲಿದ್ದ ದನಿ ಇವತ್ತು ನಿಮ್ಮ ಕಣ್ಣೆದುರಿಗೆ!" ಎಂದ. ಚಪ್ಪಾಳೆ ಬಿತ್ತು. ಪರದೆಯ ಮೇಲೆ ಗೆರೆ ತೆವಳುತ್ತಿತ್ತು. ಹಸಿರು ಬಾಣ ಮೂಡಿತು. "ಬಂತು, ಏರಿಕೆ ಬಂತು" ಎಂದಳು. ಏರಿತು, ಮತ್ತೆ ಚಪ್ಪಾಳೆ, ಮುಂದಿನ ಸಾಲಿನಲ್ಲಿ ಗಂಡ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು. ಇನ್ನೊಂದು ಮೂಡಿತು. ಅದನ್ನೂ ಕೂಗಿದಳು. ಜನ ಫೋನಿನ ಮೇಲೆ ಬಾಗಿದರು. ಗೆರೆ ಅತ್ತ ಇತ್ತ ಹೊಯ್ದಾಡಿ ಕೆಳಗೆ ಜಾರತೊಡಗಿತು. ತಮ್ಮ ಏನೋ ಚಟಾಕಿ ಹಾರಿಸಿ ಜನರನ್ನು ತನ್ನ ಕಡೆ ತಿರುಗಿಸಿಕೊಂಡ. ಅವರು ನಗುತ್ತಿರುವಾಗಲೇ ಪರದೆಯ ಮೇಲಿನ ಬಾಣ ಆರಿಹೋಯಿತು. ಅವಳೊಬ್ಬಳೇ ನೋಡುತ್ತಿದ್ದಳು.

"ದಯವಿಟ್ಟು ಗಮನಿಸಿ."

ಸಭೆ ತಟ್ಟನೆ ಸದ್ದಡಗಿತು. ಇದು ಜಾಹೀರಾತಿನ ದನಿಯಲ್ಲ, ನಿಲ್ದಾಣದ್ದು. ನಡುವಿನ ಓಣಿಯಲ್ಲಿ ನಿಂತಿದ್ದ ಒಬ್ಬ ತನಗರಿವಿಲ್ಲದೆ ನೆಲದ ಮೇಲಿದ್ದ ಚೀಲ ಎತ್ತಿಕೊಂಡ. "ಸ್ವಲ್ಪ ಹೊತ್ತಿನ ಹಿಂದೆ ಬಂತು ಎಂದು ನಾನು ತಿಳಿಸಿದ್ದ ಏರಿಕೆಯ ಬಾಣವನ್ನು ರದ್ದುಪಡಿಸಲಾಗಿದೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ." ಯಾರೋ ನಕ್ಕರು. ತಮ್ಮ ಕೂಡ ಹಲ್ಲು ಕಿರಿದು, "ನಮ್ಮಕ್ಕ ತಮಾಷೆ ಮಾಡ್ತಾರೆ" ಎಂದ. ಗೆರೆ ತಳ ಮುಟ್ಟಿ ತಿರುಗಿತು, ಅದರ ಕೆಳಗೆ ಹೊಸ ಹಸಿರು ಬಾಣ ಹುಟ್ಟಿತು. "ದಯವಿಟ್ಟು ಗಮನಿಸಿ. ಪರದೆಯ ಮೇಲೆ ಈಗ ಕಾಣುತ್ತಿರುವ ಬಾಣ ಆಗ ಅಲ್ಲಿ ಇರಲಿಲ್ಲ. ನಾಳೆ ಇದನ್ನೇ ನಿಮಗೆ ತೋರಿಸಿ, ನೋಡಿ, ಆಗಲೇ ಹೇಳಿದ್ದೆವು ಎನ್ನಲಾಗುವುದು." ತಮ್ಮ ಬಳಿಗೆ ಬಂದು ಹಲ್ಲು ಕಚ್ಚಿ, "ಅಕ್ಕಾ, ಅನ್ನ ಹಾಕಿದ ಕೈಗೆ ಹೀಗಾ ಮಾಡೋದು?" ಎಂದ. ಅದು ನಾಟಿತು, ನಾಟಿದರೂ ಅವಳು ನಿಲ್ಲಿಸಲಿಲ್ಲ. ಮೈಕು ಸತ್ತಿತು. ಕರೆಂಟು ಹೋದಾಗ ಪ್ಲಾಟ್‌ಫಾರಂ ಮೇಲೆ ನಿಂತು ಗಂಟಲಿನಲ್ಲೇ ಕೂಗಿದವಳಿಗೆ ಮೈಕು ಯಾವ ಲೆಕ್ಕ! "ನನ್ನ ಈ ತಮ್ಮ ಒಂದು ಸಲವೂ ಬಾಣ ನೋಡಿ ಕೊಂಡವನಲ್ಲ. ನೀವು ಗೆದ್ರೂ ಸೋತ್ರೂ ಅವನಿಗೆ ಪಾಲು ಬರುತ್ತೆ. ಸುಳ್ಳಾದ್ರೆ ಇಲ್ಲ ಅನ್ನಲಿ, ಕೇಳಿ." ತಮ್ಮ ಪರದೆಯ ಕಡೆ ತಿರುಗಿದ. ಹಿಂದಿನಿಂದ ದಪ್ಪ ದನಿಯೊಂದು ಗಂಭೀರವಾಗಿ ಎದ್ದಿತು: "ಮೇಡಂ, ರದ್ದಾದದ್ದನ್ನೂ ನೀವೇ ಹೇಳೋ ಹಾಗಿದ್ರೆ ಚಂದಾ ಒಂದಿಷ್ಟು ಜಾಸ್ತಿ ಕೊಡೋಕೂ ನಾವು ರೆಡಿ." ಕೆಲವರು ಹೌದು ಹೌದು ಎಂದರು. ಅವಳಿಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. "ರದ್ದಾದ ಮೇಲೆ ಹೇಳೋದೂ ಹಿಂದಿನದೇ ಅಲ್ವಾ ಸ್ವಾಮಿ? ಮುಂದಿನದು ನನಗೆ ಗೊತ್ತಿಲ್ಲ. ಈ ಬಾಣಕ್ಕೂ ಗೊತ್ತಿಲ್ಲ. ಗೊತ್ತಿದ್ದವರು ನಿಮ್ಮ ಹತ್ತಿರ ಚಂದಾ ಕೇಳ್ಕೊಂಡು ಯಾಕೆ ಬರ್ತಾರೆ?" ಎಂದು ವೇದಿಕೆಯಿಂದ ಇಳಿದಳು.

ಜನ ತಮ್ಮನನ್ನು ಮುತ್ತಿಕೊಂಡಿದ್ದರು, ಕೆಲವರು ಬೈಯಲು, ಕೆಲವರು ಚಂದಾದಲ್ಲಿ ರಿಯಾಯಿತಿ ಕೇಳಲು. ಗಂಡ ಎದ್ದಿರಲಿಲ್ಲ. ಮೆತ್ತೆಯ ಅಂಚನ್ನು ಬೆರಳಿನಿಂದ ಕೀಳುತ್ತಿದ್ದರು. "ಇಷ್ಟು ಜನರ ಎದುರಿಗೆ ನನ್ನ ಮರ್ಯಾದೆ ತೆಗೆದೆ" ಎಂದರು. "ನಿಮ್ಮದಲ್ಲ ರೀ, ನನ್ನದೇ ತಗೊಂಡಿದ್ದು." "ನಿನ್ನ ಮಾತು ಕೇಳಿ ತಾನೇ ನಾನು..." "ನನ್ನ ಮಾತು ನೀವು ಯಾವತ್ತು ಕೇಳಿದ್ರಿ? ದನಿ ಕೇಳಿದ್ರಿ. ಮಾತು ಬೆಳಿಗ್ಗೆ ಬಾಗಿಲಲ್ಲಿ ಹೇಳಿದೆ." ಅವರು ತಲೆ ಎತ್ತಿ ನೋಡಿದರು, ಮುಖದಲ್ಲಿದ್ದ ರೋಷ ಇಳಿದು, ಅದರ ಕೆಳಗಿದ್ದ ಭಯ ಕಂಡಿತು. ಅವಳಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. "ಏಳಿ. ಸಾಹೇಬರು ಇನ್ನೂ ಆಫೀಸಿನಲ್ಲೇ ಇರ್ತಾರೆ. ಹೋಗಿ ಕಾಗದ ವಾಪಸು ಇಸ್ಕೊಳ್ಳಿ" ಎಂದಳು. ಅವರು ಎದ್ದರು. ದಾರಿಯುದ್ದಕ್ಕೂ ಅವಳು ಮುಂದೆ, ಅವರು ಮೆತ್ತೆ ಬಗಲಲ್ಲಿಟ್ಟುಕೊಂಡು ಹಿಂದೆ. ಅಡ್ಡರಸ್ತೆ ದಾಟುವಾಗ ಅವರು ಸಮಕ್ಕೆ ಬಂದು, "ಸಾಹೇಬರಿಗೆ ನೀನೇ ಹೇಳಿಬಿಡು. ನಿನಗೆ ಮಾತು ಬರುತ್ತೆ, ನನಗೆ ಏನು ಹೇಳಬೇಕೋ ತೋಚ್ತಾ ಇಲ್ಲ" ಎಂದರು. ಬಾಡಿಗೆ ಮನೆಯವನಿಗೆ, ಬ್ಯಾಂಕಿನವರಿಗೆ, ಮದುವೆಗೆ ಬರಲಾಗುವುದಿಲ್ಲವೆಂದು ನಂಟರಿಗೆ, ಇಷ್ಟು ವರ್ಷ ಅವರ ಪರವಾಗಿ ಹೇಳುತ್ತ ಬಂದವಳು ಅವಳೇ. ಅವಳು ಮತ್ತೆ ಮುಂದೆ ನಡೆದಳು.

ಸಾಹೇಬರು ಕುರ್ಚಿಯ ಬೆನ್ನಿಗಿದ್ದ ಕೋಟು ತೆಗೆದುಕೊಂಡು ಹೊರಡುವುದರಲ್ಲಿದ್ದರು. ರಾಜೀನಾಮೆ ಮೇಜಿನ ಮೇಲೆ ಸ್ಟ್ಯಾಂಪು ಹಾಕುವ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು, ಸಹಿ ಆಗಿರಲಿಲ್ಲ. "ಏನ್ರೀ, ಮೆತ್ತೆ ಸಮೇತ ಬಂದಿದ್ದೀರಿ?" ಎಂದರು, ಅವಳ ಕಡೆಗೂ ಒಮ್ಮೆ ತಲೆಯಾಡಿಸಿ. ಗಂಡ ಮೇಜನ್ನು ನೋಡಿದರು, ಗೋಡೆಯ ಮೇಲಿನ ಕೊಳವೆಗಳ ನಕ್ಷೆಯನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಅವಳ ನಾಲಿಗೆಯ ತುದಿಯಲ್ಲಿ ಮಾತು ಸಿದ್ಧವಾಗಿ ನಿಂತಿತ್ತು. ಇವರಿಗೆ ಸ್ವಲ್ಪ ಹುಷಾರಿರಲಿಲ್ಲ ಸಾರ್, ಏನೋ ಗಡಿಬಿಡಿಯಲ್ಲಿ ಬರೆದುಬಿಟ್ಟರು ಎಂದು, ಯಾರೂ ಅನುಮಾನ ಪಡದ ಆ ದನಿಯಲ್ಲಿ ಹೇಳಿದ್ದರೆ ಸಾಹೇಬರು ನಕ್ಕು ಕಾಗದ ಹರಿದು ಹಾಕುತ್ತಿದ್ದರು. ಅವಳು ತುಟಿ ಬಿಗಿದುಕೊಂಡಳು. ಗಂಡನ ಕಣ್ಣು ಬೇಡುತ್ತಿತ್ತು. ಸಾಹೇಬರು ಕೋಟಿನ ಒಂದು ತೋಳು ಹಾಕಿಕೊಂಡರು.

"ತಪ್ಪಾಯ್ತು ಸಾರ್" ಎಂದರು ಗಂಡ, ಮೆತ್ತೆಯೊಳಕ್ಕೆ ಹೇಳಿದಂತೆ.

"ಏನಂದ್ರಿ?"

ಅವರು ಮತ್ತೆ ಅವಳ ಕಡೆ ತಿರುಗಲಿಲ್ಲ. ಮೆತ್ತೆಯನ್ನು ಕುರ್ಚಿಯ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, ಪಕ್ಕದ ಕೋಣೆಯಲ್ಲಿದ್ದವರೂ ಬಾಗಿಲಿಗೆ ಬಂದು ಇಣುಕುವಷ್ಟು ಜೋರಾಗಿ ಹೇಳಿದರು: "ನಾನು ತಪ್ಪು ಮಾಡಿದೆ ಸಾರ್. ಆ ಕಾಗದ ನನಗೆ ವಾಪಸು ಬೇಕು."